ಹೊನ್ನಾವರದ ಕೋಣೆಗೆ ತುಮಕೂರಿನಿಂದ ಒಯ್ದ ತೇವ ಹೀರುವ ಯಂತ್ರ: ಒಂದು ಮಳೆಗಾಲದ ಅನುಭವ

ತುಮಕೂರಿನ ಬಿ.ಎಚ್. ರಸ್ತೆಯ ಗೃಹೋಪಯೋಗಿ ವಸ್ತುಗಳ ಅಂಗಡಿಯೊಂದರಲ್ಲಿ ಕಳೆದ ಮಾರ್ಚ್ ತಿಂಗಳಲ್ಲಿ ನಾನು ಡಿಹ್ಯೂಮಿಡಿಫೈಯರ್ ಕೇಳಿದಾಗ, ಕೌಂಟರಿನಲ್ಲಿದ್ದ ಹುಡುಗ ಗೋದಾಮಿನಲ್ಲಿ ಬಹಳ ಹೊತ್ತು ಹುಡುಕಿ ತಂದು ಮೇಜಿನ ಮೇಲಿಟ್ಟದ್ದು ಹ್ಯೂಮಿಡಿಫೈಯರ್. ಒಂದು ಗಾಳಿಯಲ್ಲಿರುವ ನೀರನ್ನು ತೆಗೆಯುವ ಯಂತ್ರ, ಇನ್ನೊಂದು ಗಾಳಿಗೆ ನೀರು ಸೇರಿಸುವ ಯಂತ್ರ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಅದನ್ನು ಅವನ ತಪ್ಪೆಂದು ಹೇಳಲಾರೆ. ವರ್ಷಕ್ಕೆ 600-700 ಮಿ.ಮೀ. ಮಳೆ ಕಾಣುವ ಈ ಊರಿನಲ್ಲಿ ಬೇಸಿಗೆ ಬಂತೆಂದರೆ ಕೂಲರಿಗೆ ಕೊಡಗಟ್ಟಲೆ ನೀರು ಹೊಯ್ದು ಗಾಳಿಯನ್ನು ಒದ್ದೆ ಮಾಡಿಕೊಳ್ಳುವವರೇ ಎಲ್ಲರೂ. ದುಡ್ಡು ಕೊಟ್ಟು ಗಾಳಿಯನ್ನು ಒಣಗಿಸಿಕೊಳ್ಳಲು ಬಂದವಳು ಆ ಅಂಗಡಿಗೆ ನಾನೇ ಮೊದಲಿಗಳಿರಬೇಕು. ಬಿ.ಎಚ್. ರಸ್ತೆಯೆಂದರೆ ಬೆಂಗಳೂರು-ಹೊನ್ನಾವರ ರಸ್ತೆ ಎಂಬುದು ಅಲ್ಲಿ ದಿನವೂ ಓಡಾಡುವವರಿಗೆ ಮರೆತೇಹೋಗಿದೆ. ನನಗೆ ಅದು ಮರೆಯುವಂತಿಲ್ಲ. ಆ ರಸ್ತೆಯ ಇನ್ನೊಂದು ತುದಿಯ ಹತ್ತಿರದಲ್ಲೇ ನನ್ನ ತವರುಮನೆಯಿದೆ, ಅಲ್ಲಿ ಆಯಿ, ಅಂದರೆ ನನ್ನ ಅಮ್ಮ, ಒಬ್ಬಳೇ ಇದ್ದಾಳೆ, ಮತ್ತು ಜೂನ್ ತಿಂಗಳಿನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಅವಳು ಮಲಗುವ ಕೋಣೆಯಲ್ಲಿ ಮುಗ್ಗಲು ವಾಸನೆ ಹೋದದ್ದೇ ಇಲ್ಲ.

ಬೆಂಗಳೂರಿನಿಂದ ತರಿಸಿಕೊಡುವುದಾಗಿ ಅಂಗಡಿಯವರು ಹೇಳಿದರು. ನಾಲ್ಕು ದಿನಗಳಲ್ಲಿ ತರಿಸಿಯೂ ಕೊಟ್ಟರು. ಕಂಪ್ರೆಸರ್ ಇರುವ ಮಾದರಿ, ದಿನಕ್ಕೆ 12 ಲೀಟರ್ ಸಾಮರ್ಥ್ಯ, 240 ವಾಟ್, ಎರಡೂವರೆ ಲೀಟರಿನ ತೊಟ್ಟಿ, ಬೆಲೆ 19,500 ರೂಪಾಯಿ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈ ಬೆಲೆಯ ಆಸುಪಾಸಿನಲ್ಲಿ ಸಿಗುವ ಯಂತ್ರಗಳ ಒಳಗಿನ ಏರ್ಪಾಡು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಮುಂದೆ ಹೇಳುವ ಒಳಿತು ಕೆಡುಕುಗಳಲ್ಲಿ ಬಹುಪಾಲು ಬೇರೆ ಹೆಸರಿನ ಯಂತ್ರ ಕೊಳ್ಳುವವರಿಗೂ ಅನ್ವಯಿಸುತ್ತವೆ. ಒಳಗಿರುವುದು ಫ್ರಿಜ್ಜಿನ ತತ್ತ್ವವೇ. ಕೋಣೆಯ ಗಾಳಿಯನ್ನು ಫ್ಯಾನು ಒಳಗೆಳೆದು ತಣ್ಣನೆಯ ಸುರುಳಿಯ ಮೇಲೆ ಹಾಯಿಸುತ್ತದೆ. ಗಾಳಿಯಲ್ಲಿದ್ದ ಆವಿ ಅಲ್ಲಿ ನೀರಾಗಿ ತೊಟ್ಟಿಗೆ ಇಳಿಯುತ್ತದೆ. ಒಣಗಿದ ಗಾಳಿ ಅದೇ ಯಂತ್ರದ ಬಿಸಿ ಸುರುಳಿಯನ್ನು ದಾಟಿ ತುಸು ಬೆಚ್ಚಗಾಗಿ ಹೊರಬರುತ್ತದೆ.

ಕೊಂಡದ್ದನ್ನು ಮೊದಲು ನಮ್ಮ ಮನೆಯಲ್ಲೇ ಪರೀಕ್ಷಿಸಿ ನೋಡಬೇಕೆಂಬ ಆಸೆಯಿಂದ ಅಂದೇ ರಾತ್ರಿ ನಡುಮನೆಯಲ್ಲಿಟ್ಟು ಚಾಲೂ ಮಾಡಿದೆ. ಯಂತ್ರ ಎರಡು ನಿಮಿಷ ಫ್ಯಾನು ತಿರುಗಿಸಿ, 36 ಎಂದು ಆರ್ದ್ರತೆ (ಗಾಳಿ ಹಿಡಿದಿಡಬಲ್ಲ ಆವಿಯಲ್ಲಿ ಶೇಕಡಾ ಎಷ್ಟು ಅದರಲ್ಲಿದೆ ಎಂಬ ಅಳತೆ) ತೋರಿಸಿ, ತಾನಾಗಿಯೇ ನಿಂತುಬಿಟ್ಟಿತು. ಶೇಕಡಾ 50ಕ್ಕೆ ಇಳಿಸು ಎಂದು ಹೊಂದಿಸಿದ ಯಂತ್ರಕ್ಕೆ 36 ಇರುವ ಕೋಣೆಯಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಹಟಕ್ಕೆ ಬಿದ್ದು ನಿರಂತರವಾಗಿ ಓಡುವಂತೆ ಗುಂಡಿ ಒತ್ತಿ ಮಲಗಿದೆ. ಬೆಳಿಗ್ಗೆ ತೊಟ್ಟಿಯಲ್ಲಿ ಇದ್ದದ್ದು ಒಂದೂವರೆ ಲೋಟ ನೀರು. ಹತ್ತೊಂಬತ್ತೂವರೆ ಸಾವಿರಕ್ಕೆ ಒಂದೂವರೆ ಲೋಟವೇ ಎಂದು ಮನೆಯವರು ನಕ್ಕರು, ನಾನು ಅಂಗಡಿಗೆ ಫೋನು ಮಾಡಿ ಜಗಳವಾಡಿದೆ. ಜಗಳವಾಡಿದ್ದು ನನ್ನದೇ ತಪ್ಪು. ಪೆಟ್ಟಿಗೆಯ ಮೇಲೆ ಬರೆದ 12 ಲೀಟರ್ ಎಂಬುದು 30 ಡಿಗ್ರಿ ಉಷ್ಣಾಂಶ ಮತ್ತು ಶೇಕಡಾ 80 ಆರ್ದ್ರತೆಯಿರುವ ಪರೀಕ್ಷಾ ಕೋಣೆಯಲ್ಲಿ ಅಳೆದ ಲೆಕ್ಕ. ಆರ್ದ್ರತೆ 60ಕ್ಕೆ ಇಳಿದರೆ ಹೆಚ್ಚುಕಡಿಮೆ ಅದರ ಅರ್ಧ ಸಿಕ್ಕೀತು, 36ರಲ್ಲಿ ಸಿಗುವುದು ಒಂದೂವರೆ ಲೋಟವೇ. ಒಳನಾಡಿನಲ್ಲಿ ಕೊಂಡು ಕರಾವಳಿಗೆ ಒಯ್ಯುವವರು ಇಲ್ಲಿಯೇ ಪರೀಕ್ಷೆ ಮಾಡಿ ಯಂತ್ರ ಕೆಟ್ಟಿದೆಯೆಂದು ತೀರ್ಮಾನಿಸಬಾರದು. ಯಂತ್ರ ವಿಚಿತ್ರ ಸದ್ದು ಮಾಡದೆ ಓಡುತ್ತದೆಯೇ, ಹಿಂಭಾಗದ ಸುರುಳಿ ಕೈಗೆ ತಣ್ಣಗೆ ಹತ್ತುತ್ತದೆಯೇ ಎಂದು ನೋಡಿಕೊಂಡರೆ ಸಾಕು.

ನಮ್ಮ ಮಾವನವರದು ತಿಪಟೂರು ಕಡೆಯ ತೆಂಗಿನ ಮನೆತನ. ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನೇ ಆರಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಗಿಟುಕಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸದ್ದಿನಿಂದಲೇ ಗೊತ್ತಾಗುತ್ತದೆ. ಅಟ್ಟದ ಗಳುಗಳ ನಡುವೆ ಸಂದು ಬಿಟ್ಟಿರುತ್ತಾರೆ, ಕೆಳಗಿನಿಂದ ಗಾಳಿಯಾಡಲಿ ಎಂದು. "ಗಾಳಿ ಆಡಿದ್ರೆ ಯಾವುದೂ ಬೂಷ್ಟು ಹಿಡಿಯಲ್ಲ ಕಣಮ್ಮ, ಈ ಡಬ್ಬ ಯಾಕೆ?" ಎಂದು ಮಾವ ಯಂತ್ರವನ್ನು ನೋಡಿ ಹೇಳಿದರು. ತಿಪಟೂರಿಗೆ ಆ ಮಾತು ನೂರಕ್ಕೆ ನೂರು ಸರಿ. ಹೊನ್ನಾವರದಲ್ಲಿ ಜುಲೈ ತಿಂಗಳಲ್ಲಿ ಕಿಟಕಿ ತೆರೆದರೆ ಒಳಗೆ ಬರುವ ಗಾಳಿಯೇ ನೀರು ಕುಡಿದು ಬಂದಿರುತ್ತದೆ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ, ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರು ಅದು. ಅಲ್ಲಿ ಗಾಳಿಯಾಡಿಸಿದಷ್ಟೂ ಗಾದಿ, ಚಾದರ, ಕಪಾಟಿನೊಳಗಿನ ರೇಷ್ಮೆ ಸೀರೆ ಎಲ್ಲವೂ ತಣ್ಣಗೆ ಅಂಟಂಟಾಗುತ್ತವೆ. ಘಟ್ಟದ ಮೇಲಿನವರು ಕರಾವಳಿಯ ಮನೆಗೆ ಕೊಡುವ ಮೊದಲ ಸಲಹೆಯೇ ಕಿಟಕಿ ತೆರೆಯಿರಿ ಎಂಬುದು, ಮಳೆಗಾಲದ ಮಟ್ಟಿಗೆ ಅದು ನಡೆಯುವುದಿಲ್ಲ ಎಂಬುದನ್ನು ನಾನು ಎರಡೂ ಕಡೆ ಬದುಕಿದವಳಾಗಿ ಹೇಳಬಲ್ಲೆ.

ಮೇ ಕೊನೆಯ ವಾರ ಯಂತ್ರವನ್ನು ಕಾರಿನ ಹಿಂದಿನ ಸೀಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಸೀಟ್ ಬೆಲ್ಟು ಬಿಗಿದು, ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆಯ ಘಟ್ಟ ಇಳಿಸಿ ತಂದೆವು. ಕಂಪ್ರೆಸರ್ ಇರುವುದರಿಂದ ಅಡ್ಡ ಮಲಗಿಸಿ ತರಬಾರದು; ನೆಟ್ಟಗೆ ತಂದರೂ ಘಟ್ಟದ ತಿರುವುಗಳಲ್ಲಿ ಅಲುಗಾಡಿರುತ್ತದೆಂದು ಒಂದು ರಾತ್ರಿ ಹಾಗೆಯೇ ನಿಲ್ಲಿಸಿ ಮರುದಿನ ಚಾಲೂ ಮಾಡಿದೆವು. ತವರುಮನೆ ಚಿರೆಕಲ್ಲಿನದು. ಮುಂಭಾಗಕ್ಕೆ ಮಂಗಳೂರು ಹೆಂಚು, ಹಿಂಭಾಗದ ಎರಡು ಕೋಣೆಗೆ 1990ರ ದಶಕದಲ್ಲಿ ಹಾಕಿಸಿದ ಕಾಂಕ್ರೀಟು ತಾರಸಿ. ಆಯಿ ಮಲಗುವುದು ತಾರಸಿಯ ಕೋಣೆಯಲ್ಲಿ, ಬೂಷ್ಟು ಬರುವುದೂ ಅಲ್ಲಿಯೇ. ಹಿಂದೆ ಹೆಂಚಿನ ಸಂದುಗಳಿಂದ ಬಿಸಿ ಗಾಳಿ ಮೇಲೇರಿ ಹೋಗುತ್ತಿತ್ತು, ಬಚ್ಚಲ ಒಲೆಯ ಕಾವು ಇಡೀ ಮನೆಗೆ ಹರಡುತ್ತಿತ್ತು. ಒಲೆಯ ಹೊಗೆ ಎದೆಗೆ ಒಳ್ಳೆಯದಲ್ಲವೆಂಬುದು ನಿಜ, ಆ ಕಾಲವೇ ಚೆನ್ನಾಗಿತ್ತು ಎಂದು ಹೇಳುವವಳು ನಾನಲ್ಲ. ಆದರೆ ಒಲೆ ಹೋಗಿ ಗೀಜರು ಬಂದಮೇಲೆ ಗೋಡೆಯನ್ನು ಬೆಚ್ಚಗಿಡುವವರು ಯಾರೂ ಇಲ್ಲದಂತಾಯಿತು.

ಜೂನ್ ಎರಡನೆಯ ವಾರ ಮಳೆ ಹಿಡಿದ ಮೇಲೆ ಬಾಗಿಲು ಕಿಟಕಿ ಮುಚ್ಚಿ, ಶೇಕಡಾ 60ಕ್ಕೆ ಹೊಂದಿಸಿ ಯಂತ್ರವನ್ನು ಓಡಿಸಿದೆವು. ಮೂರನೆಯ ಗಂಟೆಯ ಹೊತ್ತಿಗೆ ತೊಟ್ಟಿಯಲ್ಲಿ ಒಂದು ಲೀಟರು ಮೀರಿ ನೀರು ನಿಂತಿತ್ತು, ಮೊದಲ ಇಪ್ಪತ್ನಾಲ್ಕು ಗಂಟೆಯಲ್ಲಿ ಏಳು ಲೀಟರು. ಆಯಿ ಅದನ್ನು ಸ್ಟೀಲಿನ ಬಕೆಟ್ಟಿಗೆ ಸುರಿದು, ಬಾಗಿಲ ಬಳಿ ಇಟ್ಟು, "ಇಷ್ಟು ನೀರು ಎಲ್ಲಿತ್ತೇ ಕೂಸೇ?" ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ಈ ಇಡೀ ವಿಷಯದ ತಿರುಳೇ ಇದೆಯೆಂದು ನನಗೆ ಆಮೇಲೆ ಲೆಕ್ಕ ಹಾಕಿದಾಗ ಅನಿಸಿತು. ಕೋಣೆಯ ಅಳತೆ 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಅಂದರೆ ಸುಮಾರು 40 ಘನ ಮೀಟರು ಗಾಳಿ. 27 ಡಿಗ್ರಿಯಲ್ಲಿ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ 26 ಗ್ರಾಂನಷ್ಟು ಆವಿಯನ್ನು ಹಿಡಿದಿಡಬಲ್ಲದು. ಆರ್ದ್ರತೆಯನ್ನು 90ರಿಂದ 60ಕ್ಕೆ ಇಳಿಸಲು ಆ ಕೋಣೆಯ ಗಾಳಿಯಿಂದ ತೆಗೆಯಬೇಕಾದ ನೀರು 300 ಗ್ರಾಂ ಚಿಲ್ಲರೆ, ಅಂದರೆ ಒಂದು ದೊಡ್ಡ ಲೋಟ. ಮಿಕ್ಕ ಆರೂವರೆ ಲೀಟರಿಗಿಂತ ಹೆಚ್ಚಿನ ನೀರು ಗೋಡೆಯಿಂದ, ಹತ್ತಿಯ ಗಾದಿಯಿಂದ, ಮರದ ಕಪಾಟಿನಿಂದ, ಬಾಗಿಲ ಕೆಳಗಿನ ಸಂದಿನಿಂದ ನುಸುಳುವ ಹೊರಗಿನ ಗಾಳಿಯಿಂದ ಬಂದದ್ದು. ಯಂತ್ರದ ಕೆಲಸ ಗಾಳಿಯ ಜೊತೆಗೆ ಎನ್ನುವುದಕ್ಕಿಂತ ಮನೆಯ ಜೊತೆಗೆ.

ಮೂರನೆಯ ದಿನ ಐದು ಲೀಟರಿಗೆ ಇಳಿಯಿತು, ಎರಡನೆಯ ವಾರದಿಂದ ದಿನಕ್ಕೆ ನಾಲ್ಕರ ಆಸುಪಾಸಿನಲ್ಲಿ ನಿಂತಿತು. ಆದರೆ ಆ ನಾಲ್ಕು ಲೀಟರು ಕಡಿಮೆಯಾಗಲೇ ಇಲ್ಲ. ಜುಲೈ ತಿಂಗಳಲ್ಲಿ ಅಣ್ಣ ಬಂದು ಪಡುವಣ ಗೋಡೆಯ ಹೊರಗಡೆ ನೋಡಿದಾಗ ಕಾರಣ ಕಂಡಿತು: ಸೂರಿನ ನೀರು ಬಿದ್ದು ಸಿಡಿದು ಗೋಡೆಯ ಕೆಳಭಾಗದ ಮೂರಡಿಯನ್ನು ದಿನವಿಡೀ ನೆನೆಸುತ್ತಿತ್ತು. ಚಿರೆಕಲ್ಲು ರಂಧ್ರಗಳ ಕಲ್ಲು, ಹೊರಗೆ ಕುಡಿದ ನೀರನ್ನು ಒಳಗೆ ಬಿಡುತ್ತದೆ. ನಾವು ವಿದ್ಯುತ್ತು ಖರ್ಚು ಮಾಡಿ ಹಿಂಡುತ್ತಿದ್ದದ್ದು ಸೂರಿನ ನೀರನ್ನು. ಹಿಂದೆ ಮಳೆಗಾಲಕ್ಕೆ ಮುಂಚೆ ಆ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುವ ರೂಢಿಯಿತ್ತು, ಹೆಣೆಯುವವರು ಸಿಗುವುದಿಲ್ಲವೆಂದು ನಿಂತಿತ್ತು. ಅಣ್ಣ ಎರಡು ತಗಡಿನ ಹಾಳೆಗಳನ್ನು ಗೋಡೆಗೆ ತಾಗದಂತೆ ಓರೆಯಾಗಿ ನಿಲ್ಲಿಸಿ, ಸೂರಿಗೆ ಪಿ.ವಿ.ಸಿ. ದೋಣಿ ಹಾಕಿಸಿದ. ಹತ್ತು ದಿನಗಳ ನಂತರ ತೊಟ್ಟಿಯ ಲೆಕ್ಕ ಎರಡೂಮುಕ್ಕಾಲು ಲೀಟರಿಗೆ ಇಳಿಯಿತು. ಯಂತ್ರ ಕೊಳ್ಳುವ ಮೊದಲೇ ಈ ಕೆಲಸ ಮಾಡಿಸಬೇಕಿತ್ತು, ಆದರೆ ದಿನವೂ ಅಳೆದು ಬರೆದಿಡುವ ತೊಟ್ಟಿ ಎದುರಿಗಿಲ್ಲದಿದ್ದರೆ ಗೋಡೆಯ ತಪ್ಪು ನಮಗೆ ಹೊಳೆಯುತ್ತಲೂ ಇರಲಿಲ್ಲ.

ಆರ್ದ್ರತೆ ತೋರಿಸುವ ಅಂಕಿಯನ್ನು ಎಷ್ಟು ನಂಬಬೇಕೆಂಬುದು ಬೇರೆಯೇ ವಿಚಾರ. 400 ರೂಪಾಯಿಗೆ ಒಂದು ಪುಟ್ಟ ಆರ್ದ್ರತಾಮಾಪಕವನ್ನು ಬೇರೆ ಕೊಂಡಿದ್ದೆ. ಅದನ್ನು ಪರೀಕ್ಷಿಸುವ ಸುಲಭವಾದ ಉಪಾಯವಿದೆ: ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕರಗಿ ಹೋಗದಂತೆ ನಾಲ್ಕು ಹನಿ ನೀರು ಹಾಕಿ ಕೆಸರಿನಂತೆ ಮಾಡಿ, ಮಾಪಕದ ಜೊತೆಗೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಇಡೀ ರಾತ್ರಿ ಮುಚ್ಚಿಟ್ಟರೆ, ಒಳಗಿನ ಆರ್ದ್ರತೆ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ನನ್ನ ಮಾಪಕ 71 ತೋರಿಸಿತು, ಹಾಗಾಗಿ ಅದು ಹೇಳಿದ್ದಕ್ಕೆ ನಾಲ್ಕು ಸೇರಿಸಿ ಓದುತ್ತೇನೆ. ಯಂತ್ರ ತನ್ನ ಮುಖದ ಮೇಲೆ 58 ಎಂದು ಹೆಮ್ಮೆಯಿಂದ ಬರೆದುಕೊಂಡಿದ್ದಾಗ, ಈ ಮಾಪಕವನ್ನು ಕಪಾಟಿನ ಹಿಂದಿನ ಸಂದಿನಲ್ಲಿ ಇಟ್ಟು ನೋಡಿದರೆ, ನಾಲ್ಕು ಸೇರಿಸಿ, 72 ಬಂತು. ಗೋಡೆಗೆ ಅಂಟಿಕೊಂಡಿದ್ದ ಕಪಾಟನ್ನು ಒಂದು ಗೇಣು ಮುಂದಕ್ಕೆ ಎಳೆದ ಮೇಲೆ ಅಲ್ಲಿಯೂ 63ಕ್ಕೆ ಇಳಿಯಿತು. ಮನೆಯೊಳಗಿನ ಆರ್ದ್ರತೆಯನ್ನು 60ಕ್ಕಿಂತ ಕೆಳಗೆ ಇಟ್ಟುಕೊಳ್ಳಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ಉಸಿರಾಟದ ತೊಂದರೆ, ಉಬ್ಬಸ ಹೆಚ್ಚೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ದಾಖಲಿಸಿದೆ. ಈ ಯಂತ್ರವೊಂದರಿಂದಲೇ ಕರಾವಳಿಯ ಜುಲೈ ತಿಂಗಳಲ್ಲಿ 50ಕ್ಕೆ ಇಳಿಸುತ್ತೇನೆಂದು ಹೊರಡುವುದು ವ್ಯರ್ಥ. 60ರ ಹತ್ತಿರ ನಿಂತರೆ ಅದು ತನ್ನ ಕೆಲಸ ಮಾಡಿದಂತೆ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ "ಗಾಳಿ ಶುದ್ಧೀಕರಣ" ಎಂಬ ಮಾತಿನ ಬಗ್ಗೆ ನನಗೆ ತಕರಾರಿದೆ. ಹಿಂಬದಿಯ ಜಾಲರಿಯನ್ನು ಎಳೆದು ತೆಗೆದರೆ ಸಿಗುವುದು ಸೊಳ್ಳೆಪರದೆಗಿಂತ ತುಸು ಸಣ್ಣ ಕಣ್ಣಿನ ಪ್ಲಾಸ್ಟಿಕ್ ಬಲೆ. ಅದರಲ್ಲಿ ಹತ್ತಿಯ ನಾರು, ತಲೆಗೂದಲು ಸಿಕ್ಕಿಕೊಳ್ಳುತ್ತವೆ, ಸುರುಳಿಗೆ ಕಸ ಹತ್ತುವುದಿಲ್ಲ, ಅಷ್ಟೇ. ಬೂಷ್ಟಿನ ಬೀಜಕಣಗಳು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದವು, ಅವು ಅದರಲ್ಲಿ ಸಲೀಸಾಗಿ ಹಾದುಹೋಗುತ್ತವೆ. 0.3 ಮೈಕ್ರಾನಿನ ಕಣಗಳನ್ನೂ ಶೇಕಡಾ 99.97ರಷ್ಟು ಹಿಡಿಯುವ ಹೆಪಾ ಫಿಲ್ಟರು ಬೇಕಾದರೆ ಅದು ಬೇರೆಯೇ ಯಂತ್ರ, ಮತ್ತು ಆ ಯಂತ್ರ ತೇವವನ್ನು ಒಂದಿಷ್ಟೂ ತೆಗೆಯುವುದಿಲ್ಲ. ಈಗಾಗಲೇ ಗೋಡೆಗೆ ಹಿಡಿದ ಬೂಷ್ಟನ್ನು ಈ ಯಂತ್ರ ಒಣಗಿಸುತ್ತದೆಯೇ ಹೊರತು ತೆಗೆಯುವುದಿಲ್ಲ. ಒಣಗಿ ಸತ್ತ ಬೂಷ್ಟೂ ಸೀನು, ಕೆಮ್ಮು ತರಿಸುತ್ತದೆ. ಆದುದರಿಂದ ಯಂತ್ರ ಹಚ್ಚುವ ಮೊದಲು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಗೋಡೆ, ಕಪಾಟಿನ ಬೆನ್ನು, ಮಂಚದ ಕೆಳಭಾಗಗಳನ್ನು ಒರೆಸಿ ತೆಗೆದೆವು. ಒಣ ಪೊರಕೆಯಿಂದ ಕೆರೆದರೆ ಇಡೀ ಕೋಣೆಗೆ ಬಿತ್ತಿದಂತಾಗುತ್ತದೆ.

ಶುದ್ಧ ಗಾಳಿಯ ವಿಷಯದಲ್ಲಿ ಯಂತ್ರ ನಮಗೆ ಒಂದು ಹೊಸ ಸಂಕಟವನ್ನೂ ತಂದಿಟ್ಟಿತು. ಅದು ಕೆಲಸ ಮಾಡಬೇಕಾದರೆ ಕೋಣೆ ಮುಚ್ಚಿರಬೇಕು, ಮುಚ್ಚಿದ ಕೋಣೆಯಲ್ಲಿ ಆಯಿ ರೂಢಿಯಂತೆ ಸಂಜೆ ಸೊಳ್ಳೆಬತ್ತಿ ಹಚ್ಚಿದಳು. ತೆರೆದ ಕೋಣೆಯಲ್ಲಿ ಹೇಗೋ ಹೊರಗೆ ಹೋಗುತ್ತಿದ್ದ ಹೊಗೆ ಈಗ ಅಲ್ಲಿಯೇ ತುಂಬಿ, ಮೊದಲ ರಾತ್ರಿಯೇ ಅವಳಿಗೆ ಗಂಟಲು ಕಟ್ಟಿತು. ಒಂದು ಸೊಳ್ಳೆಬತ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಷ್ಟಕ್ಕೆ ಸಮವೆಂದು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೇಳಿತ್ತು. ತೇವ ತೆಗೆಯುವ ಯಂತ್ರಕ್ಕೆ ಹತ್ತೊಂಬತ್ತು ಸಾವಿರ ಸುರಿದು ಸೊಳ್ಳೆಬತ್ತಿಯ ಜೊತೆ ಬಾಗಿಲು ಮುಚ್ಚಿಕೊಳ್ಳುವುದಕ್ಕಿಂತ, 600 ರೂಪಾಯಿಯ ಸೊಳ್ಳೆಪರದೆ ಕೊಂಡು ಕಿಟಕಿ ತೆರೆದು ಮಲಗುವುದು ಮೇಲು. ನಾವು ಕೊನೆಗೆ ಕಂಡುಕೊಂಡ ದಾರಿ ಹೀಗೆ: ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಕೋಣೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ಮುಚ್ಚಿ ಯಂತ್ರ ಓಡಿಸುವುದು, ರಾತ್ರಿ ಯಂತ್ರ ನಿಲ್ಲಿಸಿ, ಪರದೆ ಕಟ್ಟಿ, ಒಳಬಾಗಿಲು ತೆರೆದು ಮಲಗುವುದು. ರಾತ್ರಿ ಆರ್ದ್ರತೆ 75ರವರೆಗೂ ಏರುತ್ತದೆ, ಆದರೆ ಹಗಲು ಒಣಗಿದ ಗಾದಿ ಗೋಡೆಗಳು ಅಷ್ಟರಲ್ಲೇ ಒದ್ದೆಯಾಗುವುದಿಲ್ಲ. ಕಂಪ್ರೆಸರಿನ ಗುರ್ ಸದ್ದಿನಿಂದ ನಿದ್ದೆ ಕೆಡುವುದೂ ತಪ್ಪಿತು. ಹಳೆಯ ಫ್ರಿಜ್ಜನ್ನು ಮಂಚದ ಪಕ್ಕದಲ್ಲಿಟ್ಟುಕೊಂಡಂತೆ ಇರುತ್ತದೆ ಆ ಸದ್ದು.

ಇದರ ಜೊತೆಗೆ ಕೋಣೆ ಬಿಸಿಯೂ ಆಗುತ್ತದೆ. ಒಂದು ಲೀಟರು ಆವಿ ನೀರಾಗುವಾಗ ಬಿಡುವ ಶಾಖ ಸುಮಾರು ಮುಕ್ಕಾಲು ಯೂನಿಟ್ ವಿದ್ಯುತ್ತಿಗೆ ಹತ್ತಿರ. ಯಂತ್ರ ಎಳೆದುಕೊಂಡ ವಿದ್ಯುತ್ತಿನ ಜೊತೆ ಸೇರಿ ಅದೆಲ್ಲ ಕೋಣೆಯಲ್ಲೇ ಉಳಿಯುತ್ತದೆ. ನಮ್ಮಲ್ಲಿ ಎರಡು ಡಿಗ್ರಿಯಷ್ಟು ಏರಿತು. ಜುಲೈ ತಿಂಗಳಲ್ಲಿ ಅದು ಹಿತವೇ, ಬಚ್ಚಲ ಒಲೆಯ ಕಾವು ಮತ್ತೆ ಬಂದಂತಾಯಿತೆಂದು ಆಯಿ ಹೇಳಿದ್ದುಂಟು. ಮೇ ತಿಂಗಳ ಸೆಕೆಯಲ್ಲಿ ಇದನ್ನು ಹಚ್ಚಿಕೊಂಡು ಕೂರುವುದು ಆಗದ ಮಾತು, ಆಗ ಏ.ಸಿ.ಯೇ ಬೇಕು.

ಖರ್ಚಿನ ಲೆಕ್ಕವನ್ನು ಪ್ಲಗ್ಗಿಗೆ ಸಿಕ್ಕಿಸುವ ಮೀಟರಿನಿಂದ ಅಳೆದೆ. ಮೊದಲ ವಾರ ಹಗಲು ರಾತ್ರಿ ಓಡಿಸಿದಾಗ ದಿನಕ್ಕೆ ಐದೂವರೆ ಯೂನಿಟ್, ಹಗಲಿಗೆ ಮಾತ್ರ ಸೀಮಿತಗೊಳಿಸಿದ ಮೇಲೆ ಎರಡೂವರೆ. ತಿಂಗಳಿಗೆ 75 ಯೂನಿಟ್, ಯೂನಿಟ್ಟಿಗೆ 7 ರೂಪಾಯಿಯೆಂದು ಹಿಡಿದರೆ 525 ರೂಪಾಯಿ. ಗೃಹಜ್ಯೋತಿಯಲ್ಲಿರುವ ಮನೆಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 2023ರಲ್ಲಿ ಆರಂಭವಾದ ಆ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಗೆ ತುಸು ಸೇರಿಸಿದಷ್ಟು ಉಚಿತ. ಅದನ್ನು ಮೀರಿದರೆ ಮೀರಿದ್ದಕ್ಕೆ ಮಾತ್ರ ಹಣ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಆಯಿಯ ಮನೆಯಲ್ಲಿ ಸರಾಸರಿ 70 ಯೂನಿಟ್ ಇದ್ದುದರಿಂದ ಯಂತ್ರದ ಪಾಲನ್ನಷ್ಟೇ ಕಟ್ಟಿದೆವು. ಮೊದಲೇ 150ರ ಹತ್ತಿರ ಬಳಸುವ ದೊಡ್ಡ ಕುಟುಂಬವಾದರೆ ಈ 75 ಯೂನಿಟ್ ಸೇರಿ ಇಡೀ ಬಿಲ್ಲು ತಲೆಯ ಮೇಲೆ ಬೀಳುತ್ತದೆ.

ಇನ್ನು ಯಂತ್ರದ ದೋಷಗಳು. ಎಲ್ಲಕ್ಕಿಂತ ದೊಡ್ಡದು, ಕರೆಂಟು ಹೋಗಿ ಬಂದರೆ ಅದು ತಾನಾಗಿ ಮತ್ತೆ ಚಾಲೂ ಆಗುವುದಿಲ್ಲ. ಮಳೆ ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬೀಳುವ ಊರಿನಲ್ಲಿ, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ತಿಂಗಳುಗಳಲ್ಲಿಯೇ ಬಳಸಬೇಕಾದ ಯಂತ್ರಕ್ಕೆ ಈ ಸೌಲಭ್ಯವಿಲ್ಲದಿರುವುದನ್ನು ನಾನು ಕ್ಷಮಿಸಲಾರೆ. ಆಯಿ ತೋಟಕ್ಕೆ ಹೋದಾಗ ನಿಂತ ಯಂತ್ರ ಸಂಜೆಯವರೆಗೂ ನಿಂತೇ ಇರುತ್ತದೆ. ಸಾದಾ ಟೈಮರ್ ಪ್ಲಗ್ಗಿನಿಂದಲೂ ಇದು ಸರಿಹೋಗುವುದಿಲ್ಲ, ಏಕೆಂದರೆ ವಿದ್ಯುತ್ತು ಬಂದ ಮೇಲೆ ಗುಂಡಿಯನ್ನು ಬೆರಳಿನಿಂದಲೇ ಒತ್ತಬೇಕು. ಕೊಳ್ಳುವವರು ಅಂಗಡಿಯಲ್ಲಿಯೇ ಯಂತ್ರವನ್ನು ಚಾಲೂ ಮಾಡಿಸಿ, ಪ್ಲಗ್ಗು ಕಿತ್ತು ಮತ್ತೆ ಸಿಕ್ಕಿಸಿ, ತಾನೇ ಏಳುತ್ತದೆಯೇ ಎಂದು ನೋಡಿಯೇ ದುಡ್ಡು ಕೊಡಬೇಕು. ಎರಡನೆಯದು ತೊಟ್ಟಿ. ತುಂಬಿದರೆ ತೇಲುಬಿರಡೆ ಮೇಲೇರಿ ಯಂತ್ರ ನಿಲ್ಲುತ್ತದೆ. ಎರಡೂವರೆ ಲೀಟರು ತುಂಬಲು ಮೊದಲ ದಿನ ಒಂಬತ್ತು ಗಂಟೆಯೂ ಬೇಕಾಗಲಿಲ್ಲ. ಹಿಂದೆ ಪೈಪು ಹಚ್ಚಿ ನೀರನ್ನು ಹೊರಗೆ ಬಿಡಲು ತೂತು ಇದೆ, ಪೈಪು ಪೆಟ್ಟಿಗೆಯಲ್ಲಿ ಇಲ್ಲ. ಹೊನ್ನಾವರ ಪೇಟೆಯಲ್ಲಿ ಮೀಟರಿಗೆ 40 ರೂಪಾಯಿಯ ಪೈಪು ತಂದು, ಯಂತ್ರವನ್ನು ಸ್ಟೂಲಿನ ಮೇಲೇರಿಸಿ, ಕಿಟಕಿಯ ಕೆಳಗಿನ ತೂತಿನಿಂದ ಹೊರಗೆ ಇಳಿಬಿಟ್ಟ ಮೇಲೆ ಎಪ್ಪತ್ತು ದಾಟಿದ ಆಯಿ ಬಗ್ಗಿ ತೊಟ್ಟಿ ಎತ್ತುವುದು ತಪ್ಪಿತು.

ಆಗಸ್ಟಿನಲ್ಲಿ ಒಮ್ಮೆ ಸುರುಳಿಯ ಮೇಲೆ ಮಂಜು ಕಟ್ಟಿ ನೀರು ಬರುವುದು ನಿಂತಿತು. ಸಹಾಯವಾಣಿಯವರು ಹುಬ್ಬಳ್ಳಿಯಿಂದ ಜನ ಬರಬೇಕೆಂದರು, ಒಂಬತ್ತು ದಿನ ಯಾರೂ ಬರಲಿಲ್ಲ. ಹತ್ತನೆಯ ದಿನ ಅಣ್ಣನೇ ಜಾಲರಿ ತೆಗೆದು ನೋಡಿದರೆ ಹತ್ತಿಯ ನಾರು ಕಂಬಳಿಯಂತೆ ಕಟ್ಟಿಕೊಂಡಿತ್ತು. ತೊಳೆದು ಹಾಕಿದ, ಸರಿಹೋಯಿತು. ತಪ್ಪು ನಮ್ಮದೇ ಇರಬಹುದು, ಆದರೆ ಜಾಲರಿ ತೊಳೆದಿದ್ದೀರಾ ಎಂಬ ಒಂದು ಪ್ರಶ್ನೆಯನ್ನು ಫೋನಿನಲ್ಲಿಯೇ ಕೇಳಿದ್ದರೆ ಒಂಬತ್ತು ದಿನ ಉಳಿಯುತ್ತಿತ್ತು. ಸಮುದ್ರ ಅರ್ಧ ಮೈಲು ದೂರದಲ್ಲಿರುವುದರಿಂದ ಉಪ್ಪುಗಾಳಿಯ ಕಾಟ ಬೇರೆ. ಒಂದೇ ಮಳೆಗಾಲಕ್ಕೆ ಸುರುಳಿಯ ಅಲ್ಯೂಮಿನಿಯಂ ಎಲೆಗಳ ತುದಿಯಲ್ಲಿ ಬಿಳಿ ಪುಡಿ ಕಾಣಿಸಿಕೊಂಡಿದೆ. ಐದು ವರ್ಷ ಬಾಳಿದರೆ ಪುಣ್ಯ.

ತೊಟ್ಟಿಯ ನೀರನ್ನು ಏನು ಮಾಡಬೇಕೆಂದು ಬಹಳ ಜನ ಕೇಳುತ್ತಾರೆ. ನೋಡಲು ಸ್ಫಟಿಕದಂತಿರುತ್ತದೆ, ಪಕ್ಕದ ಮನೆಯವರೊಬ್ಬರು ಇನ್ವರ್ಟರಿನ ಬ್ಯಾಟರಿಗೆ ಹಾಕಲು ಬಾಟಲಿ ಹಿಡಿದು ಬಂದಿದ್ದರು. ಲೋಹದ ಸುರುಳಿಯನ್ನು ತೊಳೆದುಕೊಂಡು, ಗಾಳಿಯ ಧೂಳನ್ನೂ ಬೀಜಕಣಗಳನ್ನೂ ಹೊತ್ತು ಬಂದ ನೀರದು. ಕುಡಿಯಲೂ ಆಗದು, ಬ್ಯಾಟರಿಗೂ ಆಗದು. ನೆಲ ಒರೆಸಲು, ಹೂವಿನ ಕುಂಡಕ್ಕೆ ಹಾಕಲು ಅಡ್ಡಿಯಿಲ್ಲ. ವಾರಕ್ಕೊಮ್ಮೆ ತೊಟ್ಟಿಯನ್ನು ಉಜ್ಜಿ ತೊಳೆಯದಿದ್ದರೆ ಲೋಳೆ ಕಟ್ಟುತ್ತದೆ, ನಿಲ್ಲಿಸಿ ಬಿಟ್ಟರೆ ಸೊಳ್ಳೆ ಮೊಟ್ಟೆಯಿಡುತ್ತದೆ.

ಇದೇ ಕೆಲಸಕ್ಕೆಂದು ಬೇರೆ ಏನೇನು ಕೊಂಡೆವೆಂಬುದನ್ನೂ ಹೇಳಿಬಿಡುತ್ತೇನೆ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಪ್ಲಾಸ್ಟಿಕ್ ಡಬ್ಬಿಗಳು ಸೀರೆಯ ಕಪಾಟಿನೊಳಗೆ ಚೆನ್ನಾಗಿ ಕೆಲಸ ಮಾಡಿದವು, ಮೂರು ವಾರಕ್ಕೊಂದು ಡಬ್ಬಿ ತುಂಬುತ್ತದೆ. ತುಂಬಿದ ನೀರು ಜರಿಗೂ ಕಬ್ಬಿಣಕ್ಕೂ ಕೆಟ್ಟದ್ದು, ಓರೆಯಾಗದಂತೆ ಎತ್ತಬೇಕು. ಇಡೀ ಕೋಣೆಗೆ ಅವು ಏನೂ ಸಾಲವು. ನುಸಿಗುಳಿಗೆಗೆ ತೇವ ತೆಗೆಯುವ ಗುಣವೇ ಇಲ್ಲ, ಮುಚ್ಚಿದ ಕೋಣೆಯಲ್ಲಿ ಅದರ ಆವಿಯನ್ನು ಉಸಿರಾಡುವುದು ಇನ್ನೊಂದು ಕೇಡು. ಹಣಕ್ಕೆ ತಕ್ಕ ಫಲ ಎಲ್ಲಕ್ಕಿಂತ ಹೆಚ್ಚಾಗಿ ಕೊಟ್ಟದ್ದು ಅಡುಗೆಮನೆಗೆ ಹಾಕಿಸಿದ 1,800 ರೂಪಾಯಿಯ ಎಗ್ಸಾಸ್ಟ್ ಫ್ಯಾನು. ಗ್ಯಾಸು ಉರಿದಾಗ ನೀರು ಹುಟ್ಟುತ್ತದೆ ಎಂಬುದು ನಮ್ಮ ಗಮನಕ್ಕೇ ಬರುವುದಿಲ್ಲ: 14.2 ಕಿಲೋದ ಒಂದು ಸಿಲಿಂಡರು ಪೂರ್ತಿ ಉರಿದರೆ ಸುಮಾರು 22 ಲೀಟರು ನೀರಿನಷ್ಟು ಆವಿ ಮನೆಯೊಳಗೆ ಬಿಡುತ್ತದೆ, ಪಾತ್ರೆಯಿಂದೇಳುವ ಹಬೆ ಅದಕ್ಕೆ ಹೊರತು. ಕುಚ್ಚಿಗೆ ಅಕ್ಕಿಯ ಗಂಜಿ ಗಂಟೆಗಟ್ಟಲೆ ಕುದಿಯುವ ಮನೆಯಲ್ಲಿ ಆ ಹಬೆಯೆಲ್ಲ ಮೊದಲು ಆಯಿಯ ಕೋಣೆಗೇ ನುಗ್ಗುತ್ತಿತ್ತು. ಫ್ಯಾನು ಬಂದ ಮೇಲೆ ತೊಟ್ಟಿಯ ಲೆಕ್ಕ ಮತ್ತೆ ಅರ್ಧ ಲೀಟರು ಇಳಿಯಿತು. ಹಾಗೆಯೇ ಒದ್ದೆ ಬಟ್ಟೆ. ಒಂದು ಸಲದ ಒಗೆತ ಕೋಣೆಯೊಳಗೆ ಆರುವಾಗ ಎರಡು ಲೀಟರಿನಷ್ಟು ನೀರನ್ನು ಗಾಳಿಗೆ ಬಿಡುತ್ತದೆ. ಅದನ್ನು ಮಲಗುವ ಕೋಣೆಯಿಂದ ತೆಗೆದು, ವಾರಕ್ಕೆರಡು ದಿನ ಯಂತ್ರವನ್ನೇ ಬಟ್ಟೆಯಿರುವ ಸಣ್ಣ ಕೋಣೆಗೆ ಒಯ್ದು ಬಾಗಿಲು ಮುಚ್ಚಿದರೆ, ಮೂರು ದಿನಕ್ಕೂ ಒಣಗದೆ ನಾರುತ್ತಿದ್ದ ಸೀರೆ ಐದು ಗಂಟೆಯಲ್ಲಿ ಗರಿಗರಿಯಾಗುತ್ತದೆ. ಈ ಯಂತ್ರದ ಬಗ್ಗೆ ಆಯಿ ನೆರೆಯವರ ಮುಂದೆ ಹೊಗಳಿ ಮಾತಾಡಿದ್ದು ಇದೊಂದೇ ಕಾರಣಕ್ಕೆ.

ಒಂದು ಕೋಣೆಗೆ, ನಾಲ್ಕು ತಿಂಗಳಿಗೆ, ವಯಸ್ಸಾದವರೋ ಉಬ್ಬಸದವರೋ ಮಲಗುವ ಜಾಗಕ್ಕೆ ಎಂದಾದರೆ ನಾನು ಇದನ್ನು ಐದಕ್ಕೆ ಮೂರೂವರೆ ಅಂಕ ಕೊಟ್ಟು ಕೊಳ್ಳಲು ಹೇಳುತ್ತೇನೆ; ತಾನಾಗಿ ಏಳುವ ಗುಣವಿದ್ದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಇಡೀ ಮನೆಗೆಂದಾಗಲಿ, ಹೆಂಚಿನ ಸಂದುಗಳಿರುವ ಕೋಣೆಗೆಂದಾಗಲಿ ಕೊಂಡರೆ ಅರಬ್ಬೀ ಸಮುದ್ರವನ್ನೇ ಹಿಂಡಲು ಕೂತಂತೆ. ತುಮಕೂರು, ಕೋಲಾರ ಕಡೆಯ ಮನೆಗಳಿಗೆ ಇದು ಬೇಕಿಲ್ಲ. ಮಳೆಗಾಲದಲ್ಲಿ ಗೋಡೆ ಬೆವರಿದರೆ ಅದು ತಾರಸಿ ಸೋರುವಿಕೆಯೋ ಪೈಪಿನದೋ ಎಂದು ಗಾರೆಯವರನ್ನು ಕರೆದು ತೋರಿಸಬೇಕು.

ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಕರಾವಳಿಯಲ್ಲೂ ಮಧ್ಯಾಹ್ನದ ಗಾಳಿ ಒಣಗಿರುತ್ತದೆ, ಆಗ ಕಿಟಕಿ ತೆರೆದರೆ ಸಾಕು. ಅಕ್ಟೋಬರ್ ಕೊನೆಗೆ ತೊಟ್ಟಿ ತೊಳೆದು, ಎರಡು ದಿನ ಬರೀ ಫ್ಯಾನು ಓಡಿಸಿ ಸುರುಳಿಯನ್ನು ಒಣಗಿಸಿ, ಆಯಿ ಅದಕ್ಕೆ ತನ್ನ ಹಳೆಯ ಹತ್ತಿ ಸೀರೆ ಸುತ್ತಿ ಕಪಾಟಿನ ಪಕ್ಕದಲ್ಲಿ ನಿಲ್ಲಿಸಿದ್ದಾಳೆ. ಗೋಡೆಯಿಂದ ಒಂದು ಗೇಣು ಮುಂದಕ್ಕೆ.